ಅಕ್ಕನ ಜೊತೆ ಗಾಡಿ ಹತ್ತಿದ ಹುಲ್ಲು

ಹುಣಸೂರಿನಲ್ಲಿ ನಮ್ಮ ಮನೆಯ ಹಿತ್ತಲು ಹೊಳೆಯ ಕಡೆಗೆ ಇಳಿಜಾರಾಗಿತ್ತು. ಅಕ್ಕಪಕ್ಕದವರ ಹಿತ್ತಲಲ್ಲಿ ನುಗ್ಗೆ, ಕರಿಬೇವು, ಅವರೆಯ ಚಪ್ಪರ. ನಮ್ಮದರಲ್ಲಿ ಹುಲ್ಲು. ತಾನಾಗಿ ಹುಟ್ಟಿದ್ದಲ್ಲ, ನಾನು ತಂದು ನೆಟ್ಟು, ನೀರು ಹೊಯ್ದು, ಕಾಲಕ್ಕೆ ಸರಿಯಾಗಿ ಸವರಿ ಬೆಳೆಸಿದ ಹುಲ್ಲು. ದನಕ್ಕೆ ಹಾಕಲು ಬೆಳೆಯುವವರು ಇದ್ದರು, ಮಾಡಿಗೆ ಹೊದಿಸಲು ಬೆಳೆಯುವವರು ಇದ್ದರು. ನೋಡುವುದಕ್ಕೆಂದು ಹುಲ್ಲು ಬೆಳೆಯುವವಳು ಊರಿಗೆಲ್ಲ ನಾನೊಬ್ಬಳೇ ಎಂದು ಅವ್ವ ಬಂದವರ ಮುಂದೆ ಹೇಳಿ ತಲೆ ಚಚ್ಚಿಕೊಳ್ಳುತ್ತಿದ್ದರು.

ಅಪ್ಪ ಆಸ್ಪತ್ರೆಯಲ್ಲಿ ಕಾಂಪೌಂಡರ್. ಭೇರ್ಯದ ಕಡೆಯ ಒಕ್ಕಲು ಮನೆಯವರು, ನಾಲ್ಕಕ್ಷರ ಕಲಿತು ಪೇಟೆ ಸೇರಿದವರು. ಅವರಿಗೆ ನಾವಿಬ್ಬರೇ ಹೆಣ್ಣುಮಕ್ಕಳು, ಅಕ್ಕ ಮತ್ತು ನಾನು. ಒಂದು ಸಲ ಅಪ್ಪನ ಜೊತೆ ಮುಸಾಫಿರಖಾನೆಯ ಬಂಗಲೆಗೆ ಹೋದಾಗ ಅಲ್ಲಿಯ ಮಾಲಿ ಪಾತಿ ಅಗೆದು ಹುಲ್ಲಿನ ಬುಡಗಳನ್ನು ಹೊರಗೆ ಎಸೆಯುತ್ತಿದ್ದ. ಎಲೆಯ ಉದ್ದಕ್ಕೂ ಹಸಿರು ಬಿಳಿ ಗೆರೆ ಎಳೆದ, ರಿಬ್ಬನ್ನಿನಂಥ ಹುಲ್ಲು. ಒಂದು ಬುಡ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಬಚ್ಚಲ ನೀರು ಹರಿಯುವಲ್ಲಿ ನೆಟ್ಟೆ. ಅಲ್ಲಿಂದ ಶುರು. ಹೊಳೆಯ ದಂಡೆಯಿಂದ ಲಾವಂಚ ತಂದೆ. ಗದ್ದೆ ಬದುವಿನಿಂದ, ಬೂದುಬಣ್ಣದ ಗಟ್ಟಿ ಮಣಿ ಬಿಡುವ ಹುಲ್ಲು ತಂದೆ. ಕಾಡಿನ ಕಡೆಯಿಂದ ಸೌದೆ ತರುವ ಗಾಡಿಯವರಿಗೆ ಹೇಳಿ ನರಿಯ ಬಾಲದ ಹಾಗೆ ತೆನೆ ಬರುವುದನ್ನು ತರಿಸಿದೆ. ಬೆಳ್ಳಗೆ ಉದ್ದನೆ ಗರಿ ಬಿಡುವ ನೊದೆ ಹುಲ್ಲನ್ನು ಎಲ್ಲಕ್ಕೂ ಹಿಂದೆ, ಪಡುವಣ ಬೇಲಿಗೆ ಸಾಲಾಗಿ ನೆಟ್ಟೆ.

ಹುಲ್ಲು ತಾನೇ ಬೆಳೆಯುತ್ತದೆ, ಅದಕ್ಕೇನು ಆರೈಕೆ ಎನ್ನುವವರು ಅದನ್ನು ಬೆಳೆಸಿದವರಲ್ಲ. ಗೆರೆಯ ಹುಲ್ಲಿನಲ್ಲಿ ನಡುನಡುವೆ ಬರೀ ಹಸಿರು ಮೊಳಕೆ ಏಳುತ್ತದೆ. ಕಂಡ ಕೂಡಲೇ ಕೀಳದಿದ್ದರೆ ಅದೇ ಬಲಿತು ಗೆರೆಯದನ್ನು ನುಂಗುತ್ತದೆ. ನರಿಬಾಲದ ತೆನೆಯನ್ನು ಉದುರುವ ಮೊದಲೇ ಕುಯ್ಯಬೇಕು, ಇಲ್ಲವಾದರೆ ಮುಂದಿನ ಮಳೆಗೆ ಹಿತ್ತಲೆಲ್ಲ ಅದರದೇ. ಹಳೆಯ ಬುಡ ನಡುವಿನಲ್ಲಿ ಸತ್ತು ಬಳೆಯ ಹಾಗೆ ಆಗುತ್ತದೆ, ಆಗ ಅಗೆದು ಹೊರಗಿನ ತೆಂಡೆಗಳನ್ನು ಬಿಡಿಸಿ ಬೇರೆ ನೆಡಬೇಕು. ಇದನ್ನೆಲ್ಲ ಯಾರೂ ಹೇಳಿಕೊಡಲಿಲ್ಲ. ಕೆಡಿಸಿ ಕೆಡಿಸಿ ಕಲಿತೆ.

ಅಕ್ಕನಿಗೆ ಮಣ್ಣು ಆಗುತ್ತಿರಲಿಲ್ಲ. ಉಗುರು ಸಂದಿಗೆ ಮಣ್ಣು ಹೋದರೆ ಊಟ ಸೇರುತ್ತಿರಲಿಲ್ಲ. ಆದರೆ ಅವಳಷ್ಟು ನನ್ನನ್ನು ಕಾಪಾಡಿದವರು ಆ ಮನೆಯಲ್ಲಿ ಇರಲಿಲ್ಲ. ನಾನು ಹಿತ್ತಲಲ್ಲಿ ಕೂತು ಕೆಲಸ ಮರೆತಾಗ ನನ್ನ ಪಾಲಿನ ಮುಸುರೆಯನ್ನೂ ತಾನೇ ತಿಕ್ಕಿ ಅವ್ವನಿಗೆ ತಿಳಿಯದ ಹಾಗೆ ನೋಡಿಕೊಳ್ಳುತ್ತಿದ್ದಳು. ಚಿಕ್ಕಂದಿನಲ್ಲಿ ಸಿಡುಬು ಬಂದು ಅವಳ ಮುಖದ ಮೇಲೆ ಕಲೆಗಳು ಉಳಿದಿದ್ದವು. ನೋಡಲು ಬಂದ ಗಂಡಿನವರು ಉಪ್ಪಿಟ್ಟು ತಿಂದು, ತಿಳಿಸುತ್ತೇವೆ ಎಂದು ಹೋದವರು ಮತ್ತೆ ತಿಳಿಸುತ್ತಿರಲಿಲ್ಲ. ಪ್ರತಿ ಸಲವೂ ಅಕ್ಕ ಸೀರೆ ಮಡಿಸಿ ಪೆಟ್ಟಿಗೆಗೆ ಇಟ್ಟು ಏನೂ ಆಗದವಳ ಹಾಗೆ ಅಡಿಗೆಮನೆಗೆ ಹೋಗುವಳು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ.

ದಸರೆ ಕಳೆದ ಮೇಲೆ ಹೆಗ್ಗಡದೇವನಕೋಟೆಯಿಂದ ಒಂದು ಸಂಬಂಧ ಬಂತು. ಹುಡುಗ ಕಾಡಿನ ಇಲಾಖೆಯಲ್ಲಿ ಫಾರೆಸ್ಟರು. ತಂದೆಯಿಲ್ಲ, ತಾಯಿಯೊಬ್ಬರೇ. ಇಬ್ಬರೂ ಬಂದರು. ಒಳಗೆ ಮಾತುಕತೆ ನಡೆಯಿತು. ತಾಯಿಯ ಮುಖ ನೋಡಿಯೇ ಇದೂ ಕೂಡಿಬರುವುದಿಲ್ಲ ಎಂದು ನನಗೆ ಅನ್ನಿಸಿತು. ಹುಡುಗ ಕೈ ತೊಳೆಯಲು ಹಿತ್ತಲಿಗೆ ಬಂದ. ನಾನು ಚೊಂಬು ಹಿಡಿದು ನಿಂತಿದ್ದೆ. ಇಳಿ ಬಿಸಿಲು. ಪಡುವಣ ಬೇಲಿಯ ನೊದೆಯ ಗರಿಗಳ ಹಿಂದೆ ಸೂರ್ಯ ಇದ್ದ, ಗರಿಗಳು ಒಳಗಿನಿಂದ ದೀಪ ಹಚ್ಚಿಟ್ಟ ಹಾಗೆ ಹೊಳೆಯುತ್ತಿದ್ದವು. ಮುಂದೆ ನರಿಬಾಲ ಕೆಂಪಾಗಿತ್ತು. ಆತ ಕೈ ತೊಳೆಯುವುದನ್ನು ಬಿಟ್ಟು ನಿಂತುಬಿಟ್ಟ. ಅಪ್ಪ ಟವೆಲ್ಲು ಹಿಡಿದು ಬಾಗಿಲಿಗೆ ಬಂದರು.

ಹೊತ್ತು ಮುಳುಗುವಾಗ ಕಾಣಬೇಕು ಅಂತಲೇ ಎತ್ತರದ್ದನ್ನು ಪಡುವಣಕ್ಕೆ ನೆಟ್ಟಿದ್ದಾರಲ್ಲ, ಯಾರು ಮಾಡಿದ್ದು ಇದನ್ನ, ಎಂದು ಆತ ಕೇಳಿದ.

ಅಷ್ಟು ವರ್ಷ ನಾನು ಕಾದದ್ದು ಆ ಒಂದು ಪ್ರಶ್ನೆಗೇ ಎಂದು ಕೇಳಿದ ಮೇಲೆ ಗೊತ್ತಾಯಿತು. ಆ ಸಾಲು ಯಾಕೆ ಅಲ್ಲಿದೆ ಎಂದು ಯಾರೂ ಗಮನಿಸಿರಲಿಲ್ಲ. ನಾನು ಅಪ್ಪನನ್ನು ನೋಡಿದೆ. ಅಪ್ಪ ನನ್ನನ್ನು ನೋಡಲಿಲ್ಲ.

"ನಮ್ ದೊಡ್ ಮಗಳು ಕಣ್ರೀ. ಅವಳ್ಗೆ ಇದರ ಮೇಲೇ ಜೀವ," ಎಂದರು.

ಆತ ತಿರುಗಿದ. ಅಕ್ಕ ಅಡಿಗೆಮನೆಯ ಬಾಗಿಲ ಮರೆಯಲ್ಲಿ ನಿಂತಿದ್ದಳು. ಬಾವಿಯ ಪಕ್ಕದಲ್ಲಿ ಇರುವುದು ಯಾವ ಹುಲ್ಲು ಎಂದು ಅವಳನ್ನೇ ನೇರವಾಗಿ ಕೇಳಿದ. ಆಗಲಾದರೂ ಅವಳು ನನ್ನ ಕಡೆ ಕೈ ತೋರಿಸುತ್ತಾಳೆ ಎಂದುಕೊಂಡೆ.

"ಲಾವಂಚ. ಹೊಳೆ ದಂಡೆಯಿಂದ ತಂದದ್ದು," ಎಂದಳು. ಅವಳಿಗೆ ಗೊತ್ತಿದ್ದುದು ಅದೊಂದೇ ಹೆಸರು. ಬೇರೆ ಯಾವುದನ್ನು ಕೇಳಿದ್ದರೂ ಸಿಕ್ಕಿಬೀಳುತ್ತಿದ್ದಳು. ಆತ ಬೇರೆ ಕೇಳಲಿಲ್ಲ. ಮುಖ ಅರಳಿತ್ತು. ಒಳಗೆ ಹೋಗಿ ತಾಯಿಯ ಹತ್ತಿರ ಏನೋ ಹೇಳಿದ. ಅವತ್ತೇ ತಾಂಬೂಲ ಬದಲಾಯಿಸಿಕೊಂಡರು.

ಅವರು ಹೋದ ಮೇಲೆ ಅಪ್ಪ ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಬೈಯಲಿಲ್ಲ, ಸಮಾಧಾನ ಮಾಡುವ ದನಿಯಲ್ಲೇ ಮಾತಾಡಿದರು.

"ನಿಂದು ಅಂದಿದ್ರೆ ಆ ಉಡುಗ ನಿನ್ನ ಕೇಳ್ತಿದ್ದ ಮಗ. ಆಗ ನಿನ್ನಕ್ಕನ ಗತಿ ಏನು ಏಳು? ಬುಡು, ಒಂದು ಮಾತು ತಾನೆ."

ಅದು ನನಗೂ ಅರ್ಥವಾಗದ ಮಾತೇನಲ್ಲ. ಅಕ್ಕನ ಮದುವೆಗೆ ನನ್ನನ್ನು ಕೇಳಿದ್ದರೆ ಆ ಹಿತ್ತಲನ್ನು ನಾನೇ ಕೊಡುತ್ತಿದ್ದೆನೋ ಏನೋ. ಕೇಳಲಿಲ್ಲ. ಅವ್ವನ ಹತ್ತಿರ ಹೋಗಿ ಅತ್ತೆ. ಹುಲ್ಲು ಯಾರದಾದರೇನು, ಅದಕ್ಕೆ ಯಾಕೆ ಅಳುತ್ತೀಯ ಎಂದು ಅವ್ವ ಒಲೆ ಊದುತ್ತ ಹೇಳಿದರು.

ಮದುವೆ ವೈಶಾಖದಲ್ಲಿ ಆಯಿತು. ಅದಕ್ಕೆ ಮೊದಲು ಅಕ್ಕ ಬೆಳಗಿನ ಹೊತ್ತು ನನ್ನ ಜೊತೆ ಹಿತ್ತಲಿಗೆ ಬರತೊಡಗಿದಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಒಂದೊಂದರ ಮುಂದೆ ನಿಂತು ಹೆಸರು ಕೇಳುವಳು, ಯಾವಾಗ ಸವರಬೇಕು, ಎಷ್ಟು ನೀರು ಎಂದು ಕೇಳುವಳು. ಪಾಠ ಒಪ್ಪಿಸುವ ಹಾಗೆ ತಿರುಗಿ ಹೇಳುವಳು. ನಾನು ಹೇಳಿಕೊಟ್ಟೆ. ಒಂದು ದಿನ ಅವಳು ನನ್ನ ಕೈ ಹಿಡಿದುಕೊಂಡು, ನಿನ್ನ ಋಣ ಹೇಗೆ ತೀರಿಸಲಿ ಕಣೇ ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಅಷ್ಟಕ್ಕೇ ನನ್ನ ಮನಸ್ಸು ಕರಗಿತು. ನನ್ನ ಅಕ್ಕ, ನನ್ನ ಹುಲ್ಲು, ಒಂದೇ ಮನೆಗೆ ಹೋಗುತ್ತಿವೆ, ಹೋಗಲಿ ಎಂದುಕೊಂಡೆ.

ಹೆಣ್ಣನ್ನು ಕಳಿಸುವ ದಿನ, ಹಿತ್ತಲಿನ ಒಳ್ಳೆಯ ಬುಡಗಳನ್ನೂ ಗಾಡಿಗೆ ಹಾಕಬೇಕು, ಅಳಿಯಂದಿರು ಕೇಳಿದ್ದಾರೆ ಎಂದು ಅಪ್ಪ ಹೇಳಿದರು. ಬಿರುಬೇಸಿಗೆ. ಈಗ ಕಿತ್ತರೆ ಉಳಿಯುವುದಿಲ್ಲ, ಮಳೆ ಬೀಳಲಿ, ನಾನೇ ತಂದು ನೆಟ್ಟುಕೊಡುತ್ತೇನೆ ಎಂದೆ. ಅಪ್ಪ ಒಪ್ಪಲಿಲ್ಲ. ಹೆಣ್ಣಿನ ಜೊತೆಗೇ ಹೋಗಬೇಕು, ಆಮೇಲೆ ತಂಗಿ ತಂದುಕೊಟ್ಟಳು ಅಂದರೆ ಏನು ಚೆನ್ನ ಎಂದರು. ನಾನೇ ಗುದ್ದಲಿ ಹಿಡಿದು ಮಣ್ಣು ಬಿಡದ ಹಾಗೆ ಒಂದೊಂದನ್ನೂ ಎತ್ತಿ, ಒದ್ದೆ ಗೋಣಿಯಲ್ಲಿ ಸುತ್ತಿ, ದಾರಿಯಲ್ಲಿ ನೀರು ಚಿಮುಕಿಸಬೇಕು ಎಂದು ಅಕ್ಕನಿಗೆ ಹೇಳಿದೆ. ಗಾಡಿ ಹೋದ ಮೇಲೆ ಹಿತ್ತಲಲ್ಲಿ ಗುಂಡಿಗಳು ಉಳಿದವು. ಅವನ್ನು ಮುಚ್ಚಿಸಿ ಅವ್ವ ಬದನೆ ಹಾಕಿದರು.

ಅಕ್ಕ ಚೊಚ್ಚಿಲು ಹೆರಿಗೆಗೆ ಮನೆಗೆ ಬಂದಳು. ಬಾಣಂತನದಲ್ಲಿ ಅವಳಿಗೆ ಎಣ್ಣೆ ನೀರು ಹಾಕಿದ್ದು, ಮಗುವಿಗೆ ಲೋಬಾನದ ಹೊಗೆ ಹಾಕಿದ್ದು, ಪಥ್ಯದ ಅಡಿಗೆ ಮಾಡಿದ್ದು ಬಹುಪಾಲು ನಾನೇ. ಹುಲ್ಲು ಹೇಗಿದೆ ಎಂದು ಕೇಳಿದ್ದಕ್ಕೆ, ಕೆಲವು ಹೋದವು, ಕೆಲವು ಇವೆ ಎಂದು ಮಗುವಿನ ಕಡೆ ತಿರುಗಿದಳು. ಎಂದಿಗಿಂತ ಹೆಚ್ಚು ಪ್ರೀತಿಯಿಂದ ಇದ್ದಳು. ತನ್ನ ಒಂದು ಹೊಸ ಸೀರೆಯನ್ನೇ ನನಗೆ ಕೊಟ್ಟಳು. ಮಗುವಿನ ಕತ್ತು ನಿಂತ ಮೇಲೆ ಅವಳನ್ನು ಗಂಡನ ಮನೆಗೆ, ಕೋಟೆಗೆ ಕಳಿಸುವಾಗ ಕೈಯಾಸರೆಗೆಂದು ನನ್ನನ್ನೂ ಜೊತೆಗೆ ಕಳಿಸಿದರು.

ಸರ್ವಿಸ್ ಬಸ್ಸು ಕೋಟೆಯ ಹೊರಗಿನ ಹ್ಯಾಂಡ್‌ಪೋಸ್ಟಿನಲ್ಲಿ ಇಳಿಸಿತು. ಭಾವ ಗಾಡಿ ತಂದಿದ್ದರು. ಅಕ್ಕನನ್ನೂ ಮಗುವನ್ನೂ ಹತ್ತಿಸಿದರು, ನನ್ನ ಗಂಟನ್ನು ಮಾತ್ರ ನಾನೇ ಎತ್ತಿಟ್ಟುಕೊಂಡೆ. ಮನೆಗೆಲಸದವಳನ್ನು ಮಾತಾಡಿಸುವಷ್ಟೂ ನನ್ನನ್ನು ಮಾತಾಡಿಸಲಿಲ್ಲ. ದಣಿದಿರಬೇಕು ಎಂದುಕೊಂಡೆ.

ಅವರ ವಸತಿಯ ಮುಂದೆ ಅಗಲವಾದ ಅಂಗಳ. ಕಲ್ಲು ಜೋಡಿಸಿ ಎಷ್ಟು ಚೆನ್ನಾಗಿ ಪಾತಿ ಮಾಡಿಸಿದ್ದರು. ಪಾತಿಯಲ್ಲಿ ಹುಲ್ಲು ಒಣಗಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಗೆರೆಯ ಹುಲ್ಲು ಇದ್ದ ಕಡೆ ಬರೀ ಹಸಿರು ಬಲಿತು ನಿಂತಿತ್ತು. ಲಾವಂಚ ಒಂದು ಮಾತ್ರ ಬದುಕಿತ್ತು, ಅದನ್ನು ಕೊಲ್ಲುವುದು ಕಷ್ಟ. ಆದರೂ ಕೆಲವು ಬುಡಗಳ ಅಂಚಿನಲ್ಲಿ ಜೀವ ಇರುವ ಹಾಗೆ ಕಂಡಿತು. ಮಾರನೆಯ ದಿನ ಬೆಳಿಗ್ಗೆ ಗೋಡೆಗೆ ಒರಗಿಸಿದ್ದ ಗುದ್ದಲಿ ತೆಗೆದುಕೊಂಡು ಪಾತಿಗೆ ಇಳಿದೆ. ಅಕ್ಕನ ಅತ್ತೆ ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. ನಾನು ಒಂದು ಬುಡ ಎತ್ತುವಷ್ಟರಲ್ಲಿ ಭಾವ ಬಂದು ನನ್ನ ಕೈಯಿಂದ ಗುದ್ದಲಿ ತೆಗೆದುಕೊಂಡರು.

"ಬೇಡಮ್ಮ. ಒಂದ್ಸಲ ಮಾಡಿದ್ದು ಸಾಕು," ಎಂದರು.

ದನಿಯಲ್ಲಿ ಸಿಟ್ಟಿರಲಿಲ್ಲ. ಪರಕೀಯರ ಹತ್ತಿರ ಮಾತಾಡುವ ಮರ್ಯಾದೆ ಇತ್ತು. ಅವರು ಕೆಲಸಕ್ಕೆ ಹೋದ ಮೇಲೆ ಅತ್ತೆಯನ್ನೇ ಕೇಳಿದೆ, ನಾನೇನು ಮಾಡಿದ್ದೆ ಅಂತ. ಆಕೆ ನೇರ ಮಾತಿನವರು. ಮುಚ್ಚಿಡಲಿಲ್ಲ.

"ಏನೂ ಗೊತ್ತಿಲ್ದೋಳಂಗೆ ಕೇಳ್ತೀಯಲ್ಲ. ಅಕ್ಕ ಒಳ್ಳೆ ಮನೆ ಸೇರ್ತಾಳೆ ಅಂತ ಒಟ್ಟೆಕಿಚ್ಚಿಗೆ ಬೇರಿಗೆಲ್ಲಾ ಸುಣ್ಣದ ನೀರು ಉಯ್ದು ಕಳಿಸ್ಲಿಲ್ವಾ ನೀನು? ಪಾಪ, ಅವಳು ಬೆಳೆಸಿದ್ದು. ಒಣಗೋವಾಗ ಅತ್ತೂ ಅತ್ತೂ ಏಳಿದ್ಲು. ಈಗ ಉಲ್ಲಿನ ಹತ್ರ ಓಗೋಕೇ ಮನಸ್ಸಿಲ್ಲ ಅಂತಾಳೆ."

ಅಕ್ಕ ಕೋಣೆಯಲ್ಲಿ ಮಗುವಿಗೆ ಹಾಲು ಕೊಡುತ್ತಿದ್ದಳು. ನಾನು ಹೋಗಿ ಬಾಗಿಲಲ್ಲಿ ನಿಂತೆ. ಅತ್ತೆ ಹೇಳಿದ್ದೆಲ್ಲ ಅವಳಿಗೆ ಕೇಳಿತ್ತು. ತಲೆ ಎತ್ತಲಿಲ್ಲ. ಹಾಗೆ ಹೇಳಿದೆಯಾ ಎಂದು ಕೇಳಿದೆ.

"ಇನ್ನೇನು ಏಳ್ಲಿ? ಒಂದೊಂದಾಗಿ ಒಣಗ್ತಿತ್ತು. ನೀನೇ ಬೆಳೆಸಿದ್ದು, ನಿಂಗೇ ಉಳಿಸ್ಕೊಳ್ಳೋಕೆ ಬರಲ್ವಾ ಅಂತ ದಿನಾ ಕೇಳೋರು. ಒಂದಿನ ಬಾಯಿಗೆ ಬಂತು, ಅಂದ್ಬುಟ್ಟೆ."

"ನನ್ನ ಮೇಲೆ ಯಾಕೆ ಅಕ್ಕ?"

"ನಿಂಗೇನು ಕಣೇ, ನೀನು ಅಪ್ಪನ ಮನೇಲಿರೋಳು. ನಾನು ಇಲ್ಲಿ ದಿನಾ ಬಾಳಬೇಕು. ಈಗ ಓಗಿ ನೀನು ಅಲ್ಲ ಅಂದ್ರೆ ನನ್ನ ಗತಿ ನೋಡು," ಎಂದು ಮಗುವನ್ನು ಇನ್ನೊಂದು ಮಗ್ಗುಲಿಗೆ ಬದಲಿಸಿದಳು.

ಬಾಣಂತನದಲ್ಲಿ ಅಷ್ಟು ತಿಂಗಳು ಅವಳ ತಲೆಗೆ ಎಣ್ಣೆ ತಟ್ಟಿದ ಕೈ ನನ್ನದು. ಆಗೆಲ್ಲ ಇದು ಅವಳ ಮನಸ್ಸಿನಲ್ಲಿತ್ತು, ಕೊಟ್ಟ ಸೀರೆಯ ಹಿಂದೆ ಇದಿತ್ತು. ಸುಳ್ಳು ಹೇಳಿದ್ದಕ್ಕಿಂತ ಅದೇ ನನಗೆ ಹೆಚ್ಚು ಉರಿಯಿತು. ಹೊರಗೆ ಹೋಗಿ ಅತ್ತೆಗೆ ನಿಜ ಹೇಳಿಬಿಡಬೇಕು ಎಂದು ಎರಡು ಹೆಜ್ಜೆ ಇಟ್ಟೆ. ಮಗು ಹಾಲು ಕುಡಿದು ಬಾಯಿ ಬಿಟ್ಟುಕೊಂಡು ನನ್ನನ್ನೇ ನೋಡುತ್ತಿತ್ತು. ಹೇಳಲಿಲ್ಲ. ಆ ವಾರದ ಸಂತೆಗೆ ಹುಣಸೂರಿನ ಕಡೆಯಿಂದ ಬಂದ ಗಾಡಿಯಲ್ಲಿ ವಾಪಸು ಹೊರಟೆ. ಭಾವ ಬಾಗಿಲ ತನಕವೂ ಬರಲಿಲ್ಲ.

ಅಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಇದನ್ನು ಹೀಗೇ ಬಿಡುವುದಿಲ್ಲ ಎಂದು ನಂಬಿದ್ದೆ. ಅಪ್ಪ, ಅವಳ ಸಂಸಾರ ನೆಟ್ಟಗಿದೆಯಲ್ಲ, ಅಷ್ಟು ಸಾಕು ಎಂದರು. ಈ ಮಾತು ಹೊರಗೆ ಹೋಗದಿರಲಿ ಎಂದರು. ಹೊರಗೆ ಹೋಗಬಾರದ್ದು ಯಾವುದು, ನಿಜವೋ ಸುಳ್ಳೋ ಎಂದು ಕೇಳುವಷ್ಟು ಬಾಯಿ ನನಗಿರಲಿಲ್ಲ.

ಸುಳ್ಳು ಆಗಲೇ ಹೋಗಿತ್ತು. ಪಿರಿಯಾಪಟ್ಟಣದ ಕಡೆಯ, ಹೊಗೆಸೊಪ್ಪು ಬೆಳೆಯುವ ಒಂದು ದೊಡ್ಡ ಮನೆಯಿಂದ ನನಗೆ ಸಂಬಂಧ ಬಂದಿತ್ತು. ನಾಲ್ವರು ಅಣ್ಣತಮ್ಮಂದಿರ ಕೂಡುಕುಟುಂಬ. ಎಲ್ಲ ಒಪ್ಪಿಗೆಯಾಗಿ, ಕೊನೆಗೆ ಮಾತು ತಂದಿದ್ದ ಮುದುಕರು ಒಬ್ಬರೇ ಬಂದು ಜಗಲಿಯಲ್ಲಿ ಕೂತರು. ಒಡಹುಟ್ಟಿದವಳ ಏಳಿಗೆ ಸಹಿಸದ ಹೆಣ್ಣು ಓರಗಿತ್ತಿಯರ ಜೊತೆ ಹೇಗೆ ಬಾಳುತ್ತಾಳೆ ಎಂದು ಹೆಂಗಸರು ಕೇಳುತ್ತಿದ್ದಾರೆ, ಕೋಟೆಯ ಕಡೆಯ ನೆಂಟರು ಹೇಳಿದರಂತೆ ಎಂದರು. ನಾನು ಒಳಗೆ ರಾಗಿ ಕೇರುತ್ತಿದ್ದವಳು ಮೊರ ಕೆಳಗಿಟ್ಟು ಕಿವಿಗೊಟ್ಟೆ. ಅಪ್ಪ ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಋಣಾನುಬಂಧ ಇಲ್ಲ ಬಿಡಿ ಎಂದು ಅವರಿಗೆ ಕಾಫಿ ತರಿಸಿ ಕಳಿಸಿದರು. ಒಳಗೆ ಬಂದಾಗ ನನ್ನ ಮುಂದೆಯೇ ಹಾದು ಹೋದರು. ಅವತ್ತಿನಿಂದ ನಾನು ಅಪ್ಪನಿಗೆ ಊಟ ಬಡಿಸಿದೆ, ಬಟ್ಟೆ ಒಗೆದೆ. ಮನಸ್ಸಿನ ಮಾತು ಆಡಲಿಲ್ಲ.

ಎಷ್ಟೋ ತಡವಾಗಿ ನನ್ನ ಮದುವೆ ಕೃಷ್ಣರಾಜನಗರದ ಒಬ್ಬ ಸ್ಕೂಲು ಮೇಷ್ಟರ ಜೊತೆ ಆಯಿತು. ಅವರಿಗೆ ಅಣ್ಣತಮ್ಮಂದಿರಿಲ್ಲ, ಮನೆಯಲ್ಲಿ ಬೇರೆ ಹೆಂಗಸರಿಲ್ಲ. ಹೆಚ್ಚು ಮಾತಿನವರಲ್ಲ, ಆದರೆ ಎಂದೂ ಗದರಿದವರಲ್ಲ. ಹೊಸದಾಗಿ ಕಟ್ಟಿದ ಊರು, ನೇರ ಬೀದಿಗಳು, ಮನೆಯ ಹಿಂದೆ ಖಾಲಿ ಜಾಗ, ಹತ್ತಿರದಲ್ಲೇ ನಾಲೆ. ಮೊದಮೊದಲು ಹುಲ್ಲಿನ ಯೋಚನೆಯನ್ನೇ ಮಾಡಲಿಲ್ಲ. ಒಂದು ಮಳೆಗಾಲ ನಾಲೆಯ ಏರಿಯ ಮೇಲೆ ಮಣಿ ಹುಲ್ಲು ಕಂಡಾಗ ಕೈ ತಡೆಯಲಿಲ್ಲ. ಆಮೇಲೆ ಒಂದೊಂದಾಗಿ ಸೇರಿದವು. ನನ್ನ ಗಂಡ ಸಂಜೆ ಶಾಲೆಯಿಂದ ಬಂದು ಕುರ್ಚಿ ಹಾಕಿಕೊಂಡು ಅದರ ಮುಂದೆ ಕೂತು ಪೇಪರು ಓದುತ್ತಿದ್ದರು. ಮಕ್ಕಳಾದರು. ಅಕ್ಕನನ್ನು ಮದುವೆ ಮುಂಜಿಗಳಲ್ಲಿ ನೋಡುತ್ತಿದ್ದೆ. ಮಕ್ಕಳ ಓದು, ಅಕ್ಕಿಯ ಬೆಲೆ ಮಾತಾಡುತ್ತಿದ್ದೆವು. ಅಪ್ಪ ತೀರಿಕೊಂಡಾಗ ಇಬ್ಬರೂ ಒಂದೇ ಚಾಪೆಯ ಮೇಲೆ ಕೂತು ಅತ್ತೆವು.

ಅದರ ಮುಂದಿನ ಮಳೆಗಾಲದಲ್ಲಿ ಭಾವ ಯಾವುದೋ ಕೆಲಸದ ಮೇಲೆ ನಮ್ಮ ಊರಿಗೆ ಬಂದವರು ಮನೆಗೆ ಬಂದರು. ತಲೆ ನರೆತಿತ್ತು. ನನ್ನ ಗಂಡನ ಜೊತೆ ಕಾಫಿ ಕುಡಿದು ಹಿತ್ತಲಿಗೆ ಎದ್ದು ಬಂದರು. ಒಂದೊಂದು ಬುಡದ ಮುಂದೆಯೂ ನಿಂತು ನೋಡಿದರು. ನನ್ನನ್ನು ನೋಡದೆಯೇ ಮಾತಾಡಿದರು.

"ನಂಗೆ ಗೊತ್ತಿತ್ತು ಕಣಮ್ಮ. ನೀನು ಕೋಟೆಗೆ ಬರೋ ಮೊದಲೇ ಗೊತ್ತಿತ್ತು. ಒಂದು ತೆಂಡೆ ನೆಡೋಕೆ ಬರ್ತಿರಲಿಲ್ಲ ಅವಳಿಗೆ."

ಹಾಗಿದ್ದರೆ ಯಾಕೆ ಅವತ್ತು ಹಾಗಂದಿರಿ ಎಂದು ಕೇಳಿದೆ. ತಾಯಿ ಜಗಲಿಯ ಮೇಲೆ ಇದ್ದರು, ಹೆಂಡತಿ ಸುಳ್ಳಿ ಅಂತ ಅವರಿಗೆ ತಿಳಿದರೆ ಮನೆ ಎರಡಾಗುತ್ತಿತ್ತು, ನೀನಾದರೆ ಹೇಗೂ ನಾಲ್ಕು ದಿನಕ್ಕೆ ಹೊರಡುವವಳು ಎಂದುಕೊಂಡೆ ಎಂದರು. ಬಿಡಿಸಿ ಬಿಡಿಸಿ ಹೇಳಿದರು. ಅವರ ಮನಸ್ಸಿಗೆ ಹಗುರವಾಗುತ್ತಿದ್ದುದು ಕಾಣುತ್ತಿತ್ತು. ಅಷ್ಟು ವರ್ಷ ಆತ ಮೋಸ ಹೋದವರು ಎಂದು ತಿಳಿದಿದ್ದೆ. ಮೋಸ ಹೋದವಳು ನಾನೊಬ್ಬಳೇ.

ಕೊನೆಗೆ, ಮಳೆ ಚೆನ್ನಾಗಿದೆ, ಇದರಲ್ಲಿ ಒಂದೆರಡು ತೆಂಡೆ ಕೊಟ್ಟರೆ ತಗೊಂಡು ಹೋಗುತ್ತೇನೆ ಎಂದರು.

"ಕೊಡೋದಿಲ್ಲ ಭಾವ," ಎಂದೆ.

ಅವರು ತಲೆಯಾಡಿಸಿದರು. ಛತ್ರಿ ತೆಗೆದುಕೊಂಡು, ಬಸ್ಸಿಗೆ ಹೊತ್ತಾಯಿತು ಎಂದು ಹೊರಟರು. ನನ್ನ ಗಂಡ ಅಡಿಗೆಮನೆಗೆ ಬಂದು, ಯಾರಿಗೂ ಇಲ್ಲ ಅನ್ನದವಳು ಅಕ್ಕನ ಗಂಡನಿಗೇ ಇಲ್ಲ ಅಂದೆಯಲ್ಲ ಎಂದು ಕೇಳಿದರು. ಆಗ ಮೊದಲಿನಿಂದ ಎಲ್ಲವನ್ನೂ ಹೇಳಿದೆ, ಅಪ್ಪ ಹಿತ್ತಲ ಬಾಗಿಲಲ್ಲಿ ಆಡಿದ ಮಾತಿನಿಂದ ಹಿಡಿದು. ಅದುವರೆಗೆ ಅವರಿಗೆ ಹೇಳಿರಲಿಲ್ಲ. ಅವರು ಕೇಳುತ್ತ ಕೇಳುತ್ತ ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಸುಣ್ಣದ ನೀರು ಹೊಯ್ದದ್ದು ನೀನಲ್ವಾ?" ಎಂದರು.

ನಿಮಗೆ ಯಾರು ಹೇಳಿದರು ಎಂದೆ. ನಿಮ್ಮಪ್ಪನೇ ಎಂದರು. ಮದುವೆಗೆ ಮೊದಲು, ಆಮೇಲೆ ಬೇರೆ ಯಾರಿಂದಲೋ ಕೇಳುವುದಕ್ಕಿಂತ ನಾನೇ ಹೇಳುತ್ತೇನೆ ಎಂದು ಶಾಲೆಯ ತನಕ ಬಂದು ಹೇಳಿದ್ದರಂತೆ. ಅಪ್ಪ ಆಡಿದ ಮಾತನ್ನು ಆಡಿದ ಹಾಗೆಯೇ ಹೇಳಿ ಎಂದೆ. ಅವರಿಗೆ ಇಷ್ಟವಿರಲಿಲ್ಲ. ಬಿಡಲಿಲ್ಲ ನಾನು.

"ಚಿಕ್ಕೋಳು ಒಟ್ಟೆಕಿಚ್ಚಿಗೆ ಒಂದು ತಪ್ಪು ಮಾಡವ್ಳೆ. ಮನಸ್ಸು ಒಳ್ಳೇದು. ಮನ್ನಿಸಿ ಮಾಡ್ಕೊಳ್ಳಿ, ಅಂದ್ರು."

ಮನ್ನಿಸಿ ಮಾಡಿಕೊಂಡಿದ್ದರು. ಅದನ್ನು ಒಂದು ದಿನವೂ ಎತ್ತಿ ಆಡಿರಲಿಲ್ಲ. ಹುಲ್ಲಿನ ಮುಂದೆ ಕೂತು ಪೇಪರು ಓದುವಾಗಲೂ ನನ್ನನ್ನು ಹಾಗೆಂದೇ ತಿಳಿದಿದ್ದರು. ನಿನ್ನನ್ನೇ ಒಂದು ಮಾತು ಕೇಳಬೇಕಾಗಿತ್ತು ಎಂದರು. ಹೌದು ಎಂದೆ. ಅಪ್ಪನನ್ನು ಕೇಳೋಣವೆಂದರೆ ಅಪ್ಪ ಇರಲಿಲ್ಲ.

ಅಷ್ಟರಲ್ಲಿ ಮಕ್ಕಳು ಶಾಲೆಯಿಂದ ನೆನೆದುಕೊಂಡು ಬಂದರು. ತಲೆ ಒರೆಸುತ್ತಿದ್ದಾಗ ದೊಡ್ಡವಳು ಲೋಟಗಳನ್ನು ನೋಡಿ ಯಾರು ಬಂದಿದ್ದರು ಎಂದು ಕೇಳಿದಳು. ಕೋಟೆಯ ದೊಡ್ಡಪ್ಪ ಬಂದಿದ್ದರು, ಈಗ ತಾನೇ ಹೋದರು ಎಂದೆ.